ಹ್ಯಾಂಡಲ್ ಅಲ್ಲಾಡುತ್ತಿದೆ, ಯಾವ ಬೋಲ್ಟ್ ಟೈಟ್ ಮಾಡಲಿ?

ಪ್ರಶ್ನೆ: ಫೋಲ್ಡಿಂಗ್ ಸೈಕಲ್ಲಿನಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಹ್ಯಾಂಡಲ್ ‘ಟಕ್’ ಅಂತ ಮುಂದೆ ಹೋಗುತ್ತೆ. ಒಳಗಿನ ಬೋಲ್ಟನ್ನು ಎಷ್ಟು ಬಿಗಿ ಮಾಡಿದರೂ ಸರಿಹೋಗುತ್ತಿಲ್ಲ. ಏನು ಮಾಡಲಿ?

ಮತ್ತೆ ಅದೇ ಬೋಲ್ಟು! ಅಲೆನ್ ಕೀ ಕೆಳಗಿಟ್ಟು, ಮೊದಲು ಅಲ್ಲಾಡುತ್ತಿರುವ ಜಾಗ ಹುಡುಕಿ.

ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ತಳ್ಳಿ. ಇನ್ನೊಂದು ಕೈಯ ಬೆರಳನ್ನು ಒಂದೊಂದು ಸಂದಿಯ ಮೇಲೂ ಇಡಿ: ಹ್ಯಾಂಡಲ್ ಮಡಚುವ ಕೀಲು, ಎತ್ತರ ಹೊಂದಿಸುವ ಕ್ಲಾಂಪು, ಮುಂದಿನ ಚಕ್ರ ಹಿಡಿಯುವ ಫೋರ್ಕು ಫ್ರೇಮಿನೊಳಗೆ ಹೋಗುವ ಕಡೆಯ ಬೇರಿಂಗು. ಲೂಸಾಗಿರುವ ಕಡೆ ಬೆರಳಿಗೆ ಗೊತ್ತಾಗುತ್ತೆ.

ಕೀಲಿನಲ್ಲಿದ್ದರೆ ಕೆಲಸ ಸಣ್ಣದು. ಲಿವರ್ ತೆರೆದು, ಅದರ ಅಡ್ಜಸ್ಟಿಂಗ್ ನಟ್ಟನ್ನು ಕಾಲು ಸುತ್ತು ತಿರುಗಿಸಿ, ಮುಚ್ಚಿ ನೋಡಿ. ಅರ್ಧ ದಾರಿಯಲ್ಲಿ ತಡೆ ಶುರುವಾಗಿ, ಅಂಗೈ ಒತ್ತಿಗೆ ಮುಚ್ಚಬೇಕು. ಕಾಲಲ್ಲಿ ಒದ್ದು ಮುಚ್ಚುವಷ್ಟು ಬಿಗಿಯಾದರೆ ಒಂದು ದಿನ ಪಿನ್ನೋ ಲಿವರೋ ಮುರಿಯುತ್ತೆ. ಕ್ಲಾಂಪಿನಲ್ಲಿದ್ದರೂ ಇದೇ ಕ್ರಮ.

ಬೇರಿಂಗಿನಲ್ಲಿದ್ದರೆ ಆ ಬೋಲ್ಟಿನ ವಿಷಯಕ್ಕೆ ಬರೋಣ. ಕೀಲು ಮಡಚಿದರೆ ಕೊಳವೆಯೊಳಗೆ ಕಾಣುವ ಬೋಲ್ಟೇ ಸ್ಟೆಮ್ಮನ್ನು, ಅಂದರೆ ಹ್ಯಾಂಡಲ್ಲನ್ನು ಫೋರ್ಕಿಗೆ ಸೇರಿಸುವ ಭಾಗವನ್ನು, ಹಿಡಿದಿಟ್ಟಿದೆ ಅಂತ ಎಲ್ಲರ ನಂಬಿಕೆ. ಅದಕ್ಕೆ ಹಿಡಿಯುವ ಕೆಲಸವೇ ಇಲ್ಲ. ಸ್ಟೆಮ್ಮನ್ನು ಕೆಳಕ್ಕೊತ್ತಿ ಬೇರಿಂಗಿನ ಸಡಿಲ ತೆಗೆಯುವುದಷ್ಟೇ ಅದರ ಪಾಲು. ಹಿಡಿಯುವುದು ಸ್ಟೆಮ್ಮಿನ ಬುಡದ ಪಕ್ಕದಲ್ಲಿರುವ ಬೋಲ್ಟುಗಳು. ಅವು ಬಿಗಿಯಾಗಿರುವಾಗ ಸ್ಟೆಮ್ ಕೂದಲೆಳೆಯಷ್ಟೂ ಕೆಳಗಿಳಿಯದು. ನೀವು ಮೇಲೆ ಹಾಕುವ ಬಲವೆಲ್ಲ ಥ್ರೆಡ್ಡಿನ ಮೇಲೆ ಬೀಳುತ್ತೆ. ಕೈಗೆ ಮಾತ್ರ ‘ಟೈಟಾಯ್ತು’ ಅನ್ನಿಸುತ್ತೆ. ಆಮೇಲೆ ಅಲೆನ್ ಕೀಗೆ ಪೈಪ್ ಸಿಕ್ಕಿಸಿ ತಿರುಗಿಸುವವರೂ ಇದ್ದಾರೆ. ಥ್ರೆಡ್ ಹೋಗುವುದು ಹಾಗೆ.

ಸರಿಯಾದ ಕ್ರಮ ಇದು. ಪಕ್ಕದ ಬೋಲ್ಟುಗಳನ್ನು ಮೊದಲು ಸಡಿಲಿಸಿ. ಆಮೇಲೆ ಒಳಗಿನದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಅಲ್ಲಾಟ ನಿಂತ ಕೂಡಲೇ ಬಿಡಿ. ಹ್ಯಾಂಡಲ್ಲನ್ನು ಚಕ್ರಕ್ಕೆ ನೇರ ಮಾಡಿ, ಪಕ್ಕದವನ್ನು ಒಂದಾದ ಮೇಲೊಂದು, ಸ್ಟೆಮ್ ಮೇಲೆ ಅಚ್ಚಾಗಿರುವ ನ್ಯೂಟನ್ ಮೀಟರ್ ಅಳತೆಗೆ ಬಿಗಿ ಮಾಡಿ. ಈಗ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿ. ಎಲ್ಲೂ ಬಿಗಿ ಹಿಡಿದ ಹಾಗಿರಬಾರದು. ಹಾಗಿದ್ದರೆ ಅತಿಯಾಗಿದೆ: ಬೇರಿಂಗಿನ ಗುಂಡುಗಳು ತಮ್ಮ ದಾರಿಯಲ್ಲೇ ಗುಳಿ ಮಾಡಿಕೊಳ್ಳುತ್ತವೆ, ಆಮೇಲೆ ಹೊಸ ಬೇರಿಂಗೇ ಗತಿ.

ಹಳೆಯ ಬ್ರಾಂಪ್ಟನ್ ಕಂಪನಿಯ ಫೋಲ್ಡಿಂಗ್ ಸೈಕಲ್ಲಿನಂಥವುಗಳ ಲೆಕ್ಕ ಬೇರೆ. ಅಲ್ಲಿ ಒಳಗಿನ ಉದ್ದ ಬೋಲ್ಟ್ ಒಂದು ಬೆಣೆಯನ್ನು ಎಳೆದು ನಿಜಕ್ಕೂ ಸ್ಟೆಮ್ ಹಿಡಿಯುತ್ತೆ. ಆದರೆ ಬೇರಿಂಗಿನ ಸಡಿಲಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಸಡಿಲ ತೆಗೆಯಲು ಬೇರಿಂಗಿನ ಹೊರಗಿನ ಲಾಕ್‌ನಟ್ಟೇ ಬೇಕು.

ಯಾರೂ ಕೇಳದ ಇನ್ನೊಂದು ಮಾತು. ಎಲ್ಲ ಸರಿಮಾಡಿದ ಮೇಲೂ ಏರಿನಲ್ಲಿ ಎಳೆದಾಗ ಹ್ಯಾಂಡಲ್ ಸ್ವಲ್ಪ ಬಾಗುತ್ತೆ. ಸದ್ದಿಲ್ಲದೆ ಬಾಗಿ ವಾಪಸ್ ಬರುವುದು ಅಷ್ಟುದ್ದದ ಹ್ಯಾಂಡಲ್ ಕಂಬಕ್ಕೆ (ಪೋಸ್ಟಿಗೆ) ಸಹಜ. ಇದ್ದಕ್ಕಿದ್ದ ಹಾಗೆ ಜಾಸ್ತಿ ಬಾಗತೊಡಗಿದರೆ ಮಾತ್ರ ಸೈಕಲ್ ನಿಲ್ಲಿಸಿ, ಕೀಲಿನ ಹತ್ತಿರದ ವೆಲ್ಡಿಂಗನ್ನು ಬಟ್ಟೆಯಲ್ಲಿ ಒರೆಸಿ ನೋಡಿ. ಒರೆಸಿದರೂ ಹೋಗದ ಕಪ್ಪು ಗೆರೆ ಬಿರುಕಿರಬಹುದು. ಅಲ್ಯೂಮಿನಿಯಮ್ ಪೋಸ್ಟಿಗೆ ಬೀದಿ ಬದಿಯಲ್ಲಿ ವೆಲ್ಡಿಂಗ್ ಮಾಡಿಸಬೇಡಿ. ಆ ಕಾವಿಗೆ ಸುತ್ತಲಿನ ಲೋಹ ಮೆತ್ತಗಾಗುತ್ತೆ. ಪೋಸ್ಟನ್ನೇ ಬದಲಿಸಿ.