ವಾಕ್‌ಥ್ರೂ ನೋಡಿ ಆಡಿದರೆ ಆಟ ಕೆಟ್ಟಿತೇ?

ಪ್ರಶ್ನೆ: ಅಡ್ವೆಂಚರ್ ಗೇಮ್ (ಒಗಟು ಬಿಡಿಸುತ್ತ ಕಥೆಯಲ್ಲಿ ಮುಂದೆ ಸಾಗುವ ಕಂಪ್ಯೂಟರ್ ಆಟ) ಆಡುವಾಗ ಪ್ರತಿ ಸಲವೂ ಯಾವುದೋ ಒಂದು ಒಗಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ. ಎರಡು ದಿನ ಒದ್ದಾಡಿ ಕೊನೆಗೆ ಯೂಟ್ಯೂಬ್‌ನಲ್ಲಿ ವಾಕ್‌ಥ್ರೂ, ಅಂದರೆ ಆಟವನ್ನು ಪೂರ್ತಿ ಆಡಿ ತೋರಿಸುವ ವೀಡಿಯೊ, ಹಾಕಿ ಉತ್ತರ ನೋಡಿಬಿಡುತ್ತೇನೆ. ಆಮೇಲೆ ಆಟದ ಮೇಲೆ ಆಸಕ್ತಿಯೇ ಉಳಿಯುವುದಿಲ್ಲ. ಹೀಗೆ ನೋಡುವುದು ಮೋಸವೇ?

ಉತ್ತರ: ಮೋಸ ಅಲ್ಲ. ಆದರೆ ಆಸಕ್ತಿ ಹೋಗುತ್ತದೆ ಅಂದಿರಲ್ಲ, ಅದಕ್ಕೆ ಕಾರಣ ಇದೆ. ಗುಂಡು ಹಾರಿಸುವ ಆಟದಲ್ಲಿ ಎಷ್ಟು ವೀಡಿಯೊ ನೋಡಿದರೂ ಗುರಿ ಇಡಬೇಕಾದದ್ದು ನಿಮ್ಮ ಬೆರಳೇ. ಅಡ್ವೆಂಚರ್ ಗೇಮ್‌ನಲ್ಲಿ ಬೆರಳಿಗೆ ಕೆಲಸವೇ ಇಲ್ಲ. ‘ಓ, ಹೀಗಾ!’ ಎಂದು ಹೊಳೆಯುವುದೇ ಅಲ್ಲಿನ ಆಟ. ಅದನ್ನು ಬೇರೆಯವರು ಹೇಳಿಬಿಟ್ಟರೆ ನಿಮಗೆ ಉಳಿಯುವುದು ಮೌಸ್ ಒತ್ತುವ ಕೂಲಿ ಮಾತ್ರ.

ಹಾಗೆಂದು ಎಲ್ಲ ಒಗಟಿಗೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಿಕ್ಕಿಕೊಂಡದ್ದು ನಿಮ್ಮ ತಪ್ಪಿನಿಂದಲೋ ಆಟ ಕಟ್ಟಿದವರ ತಪ್ಪಿನಿಂದಲೋ ಎಂದು ಮೊದಲು ಕೇಳಿಕೊಳ್ಳಿ.

ಈ ಬಗೆಯ ಆಟಗಳಿಗೆಲ್ಲ ಮೂಲವಾದ ‘ಕೊಲೊಸಲ್ ಕೇವ್ ಅಡ್ವೆಂಚರ್’ ಅನ್ನು 1976ರ ಸುಮಾರಿಗೆ ಬರೆದವರು ಅಮೆರಿಕದ ಪ್ರೋಗ್ರಾಮರ್ ವಿಲ್ ಕ್ರೌಥರ್. ಗುಹೆ ಸುತ್ತುವ ಹುಚ್ಚಿದ್ದ ಅವರು ಕೆಂಟಕಿಯ ಮ್ಯಾಮತ್ ಗುಹೆಯ ನಕ್ಷೆಯನ್ನೇ ಆಟವಾಗಿಸಿದರು. ಮರುವರ್ಷ ಡಾನ್ ವುಡ್ಸ್ ಅದನ್ನು ಬೆಳೆಸಿದರು. ಅದರಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ಅಲ್ಲೊಂದು ಹಕ್ಕಿ ಇದೆ. ಪಂಜರ ಹಿಡಿದು ಹತ್ತಿರ ಹೋದರೆ ಸಿಗುವುದಿಲ್ಲ. ನೀವು ಒಳಗೆ ಬಂದಾಗ ಅದಕ್ಕೆ ಹೆದರಿಕೆ ಇರಲಿಲ್ಲ, ಹತ್ತಿರ ಹೋದಾಗ ಕಸಿವಿಸಿಗೊಂಡಿತು ಎಂದಷ್ಟೇ ಆಟ ಹೇಳುತ್ತದೆ. ಅದು ಹೆದರಿದ್ದು ನಿಮಗಲ್ಲ, ನಿಮ್ಮ ಕೈಯಲ್ಲಿರುವ ಕೋಲಿಗೆ. ಕೋಲನ್ನು ಕೆಳಗಿಟ್ಟರೆ ಹಕ್ಕಿ ಸಿಕ್ಕಿತು. ಮುಂದೆ ದಾರಿಗೆ ಅಡ್ಡ ಮಲಗಿರುವ ಹಾವನ್ನು ಓಡಿಸುವುದೂ ಇದೇ ಹಕ್ಕಿ. (ಗರುಡನ ಕಥೆ ಕೇಳಿ ಬೆಳೆದ ನಮಗೆ ಇದು ಬೇಗ ಹೊಳೆಯಬೇಕು!) ಸುಳಿವು ಕಣ್ಣೆದುರಿಗೇ ಇತ್ತು, ನಾವು ಸರಿಯಾಗಿ ಓದಲಿಲ್ಲ. ಇಂಥಲ್ಲಿ ಸಿಕ್ಕಿಕೊಂಡರೆ ತಪ್ಪು ನಮ್ಮದು, ಒದ್ದಾಡುವುದರಲ್ಲಿ ಲಾಭವಿದೆ.

ಇನ್ನೊಂದು ಕಡೆಗೆ ಬನ್ನಿ. 1999ರ ‘ಗೇಬ್ರಿಯಲ್ ನೈಟ್ 3’ರಲ್ಲಿ ನಾಯಕನಿಗೆ ಬಾಡಿಗೆ ಬೈಕ್ ಬೇಕು, ಅದಕ್ಕೆ ಗೆಳೆಯನ ವೇಷ ಹಾಕಬೇಕು. ಅದಕ್ಕಾಗಿ ಷೆಡ್ಡಿನ ತೂತಿಗೆ ಟೇಪ್ ಅಂಟಿಸಿ, ಬೆಕ್ಕಿಗೆ ನೀರು ಚಿಮುಕಿಸಿ ಆ ತೂತಿನೊಳಗೆ ಓಡಿಸಿ, ಟೇಪಿಗೆ ಅಂಟಿಕೊಂಡ ಕೂದಲನ್ನು ಸಿರಪ್‌ನಿಂದ ಮೀಸೆಯಾಗಿ ಹಚ್ಚಿಕೊಳ್ಳಬೇಕು. ತಮಾಷೆ ಎಂದರೆ ಆ ಗೆಳೆಯನಿಗೆ ಮೀಸೆಯೇ ಇಲ್ಲ! ಆದ್ದರಿಂದ ಅವನ ಪಾಸ್‌ಪೋರ್ಟಿನ ಫೋಟೋಗೂ ಪೆನ್ನಿನಲ್ಲಿ ಮೀಸೆ ಬರೆಯಬೇಕು. ಇದನ್ನು ತಾನಾಗಿ ಊಹಿಸಿದವರಿಗೆ ದೊಡ್ಡ ನಮಸ್ಕಾರ. 1990ರ ‘ಕಿಂಗ್ಸ್ ಕ್ವೆಸ್ಟ್ 5’ ಇನ್ನೂ ಕ್ರೂರ. ಬೆಕ್ಕೊಂದು ಇಲಿಯನ್ನು ಅಟ್ಟಿಸಿಕೊಂಡು ಹೋಗುವ ಕ್ಷಣದಲ್ಲೇ ಬೆಕ್ಕಿನತ್ತ ಏನಾದರೂ ಎಸೆದು ಇಲಿಯನ್ನು ಉಳಿಸಬೇಕು. ಉಳಿಸದಿದ್ದರೆ ಎಷ್ಟೋ ಹೊತ್ತಿನ ನಂತರ ನಿಮ್ಮ ಕೈಕಾಲು ಕಟ್ಟಿ ನೆಲಮಾಳಿಗೆಗೆ ಹಾಕಿದಾಗ ಹಗ್ಗ ಕಡಿಯಲು ಇಲಿ ಬರುವುದಿಲ್ಲ. ಅಷ್ಟರಲ್ಲಿ ಹಳೆಯ ಸೇವ್ (ಹಿಂದಿನ ಹಂತದಲ್ಲಿ ಉಳಿಸಿಟ್ಟ ಆಟ) ಇಲ್ಲದಿದ್ದರೆ ಮೊದಲಿನಿಂದ ಆಡಿ. ಇಂಥ ಕಡೆ ಉತ್ತರ ನೋಡಲು ಎರಡು ದಿನವೇನು, ಎರಡು ನಿಮಿಷವೂ ಕಾಯಬೇಡಿ.

ಇಂಥ ಕಾಟಕ್ಕೆ ರೋಸಿಹೋಗಿ, ಈ ಎರಡೂ ಆಟ ಬರುವ ಮೊದಲೇ, 1989ರಲ್ಲಿ ರಾನ್ ಗಿಲ್ಬರ್ಟ್ ಎಂಬ ವಿನ್ಯಾಸಕ ಒಂದು ಲೇಖನವನ್ನೇ ಬರೆದ. ಅವನ ಒಂದು ಸೂತ್ರ ಇಂದಿಗೂ ಒರೆಗಲ್ಲು: ಆಟಗಾರನಿಗೆ ಮೊದಲು ಕಂದಕ ಕಾಣಬೇಕು, ಹಗ್ಗ ಆಮೇಲೆ ಸಿಗಬೇಕು. ಹಗ್ಗವೇ ಮೊದಲು ಸಿಕ್ಕರೆ ಅದು ಯಾತಕ್ಕೆ ಎಂದು ಗೊತ್ತಾಗದೆ ಕಂಡದ್ದನ್ನೆಲ್ಲ ಜೇಬಿಗೆ ತುಂಬಿಕೊಳ್ಳುವ ಚಟ ಹತ್ತುತ್ತದೆ.

ಮರುವರ್ಷ ಅವನೇ ಮುಂದೆ ನಿಂತು ಮಾಡಿದ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ನಲ್ಲಿ ಕತ್ತಿವರಸೆಯನ್ನು ಗೆಲ್ಲುವುದು ಕೈಚಳಕದಿಂದಲ್ಲ, ಬೈಗುಳದಿಂದ. ಎದುರಾಳಿ ಹೀಯಾಳಿಸುತ್ತಾನೆ, ನೀವು ಅದಕ್ಕೆ ತಕ್ಕ ಎದುರೇಟು ಕೊಡಬೇಕು. ಹೆಚ್ಚುಕಡಿಮೆ ನಮ್ಮ ಹರದೇಶಿ–ನಾಗೇಶಿಯ ಸವಾಲ್–ಜವಾಬ್. ಮೊದಮೊದಲು ಸೋಲುತ್ತೀರಿ, ಸೋಲುವಾಗಲೇ ಹೊಸ ಬೈಗುಳ ಕಲಿಯುತ್ತೀರಿ. ಕೊನೆಗೆ ಎದುರಾಗುವ ಕತ್ತಿಯ ಒಡತಿ ನೀವು ಕೇಳಿಯೇ ಇಲ್ಲದ ಬೈಗುಳ ಬಳಸುತ್ತಾಳೆ. ಆದರೆ ನೀವು ಕಲಿತ ಹಳೆಯ ಜವಾಬುಗಳೇ ಅವಕ್ಕೂ ಹೊಂದುತ್ತವೆ. ಅದು ಹೊಳೆಯುವ ಕ್ಷಣವನ್ನು ವೀಡಿಯೊ ನೋಡಿ ಕಳೆದುಕೊಂಡರೆ ನಿಜಕ್ಕೂ ನಷ್ಟ.

ಹಾಗಾದರೆ ಪೂರ್ತಿ ನೋಡುವುದಕ್ಕೂ ನೋಡದಿರುವುದಕ್ಕೂ ನಡುವೆ ದಾರಿ ಇಲ್ಲವೇ? ಇದೆ, ಹಳೆಯದೇ. ಎಂಬತ್ತರ ದಶಕದಲ್ಲಿ ಇನ್ಫೋಕಾಮ್ ಕಂಪನಿ ತನ್ನ ಆಟಗಳಿಗೆ ಸುಳಿವಿನ ಪುಸ್ತಿಕೆ ಮಾರುತ್ತಿತ್ತು. ಪ್ರಶ್ನೆ ಕಣ್ಣಿಗೆ ಕಾಣುತ್ತದೆ, ಉತ್ತರ ಅದೃಶ್ಯ ಶಾಯಿಯಲ್ಲಿ. ಜೊತೆಗೆ ಬರುವ ವಿಶೇಷ ಪೆನ್ನು ಉಜ್ಜಿದರೆ ಒಂದೊಂದೇ ಸಾಲು ಮೂಡುತ್ತದೆ: ಮೊದಲ ಸಾಲು ಬರೀ ಸೂಚನೆ, ಕೊನೆಯದು ನೇರ ಉತ್ತರ. ಪ್ರಶ್ನೆಗಳನ್ನು ಓದಿಯೇ ಕಥೆ ಊಹಿಸದಂತೆ ನಡುನಡುವೆ ಸುಳ್ಳು ಪ್ರಶ್ನೆಗಳೂ ಇರುತ್ತಿದ್ದವು. 2022ರ ‘ರಿಟರ್ನ್ ಟು ಮಂಕಿ ಐಲ್ಯಾಂಡ್’ನಲ್ಲಿ ಇಂಥದ್ದೇ ಸುಳಿವಿನ ಪುಸ್ತಕವನ್ನು ಆಟದೊಳಗೇ ಇಟ್ಟಿದ್ದಾರೆ. ಬೇರೆ ಆಟಗಳಿಗಾದರೆ ವೀಡಿಯೊ ಬದಲು ಹಂತಹಂತವಾಗಿ ಸುಳಿವು ಕೊಡುವ ತಾಣ ಹುಡುಕಿ, ಮೊದಲ ಸುಳಿವಿಗೇ ನಿಲ್ಲಿಸಿ ಆಟಕ್ಕೆ ಮರಳಿ. ಅಷ್ಟು ಸಾಕಾಗುವುದೇ ಹೆಚ್ಚು.

ಸುಳಿವಿಲ್ಲದೆ ಒಂದು ಆಟವನ್ನಾದರೂ ಮುಗಿಸಬೇಕೆಂಬ ಹಟ ಇದ್ದರೆ ಲೂಕಸ್ ಪೋಪ್ ಮಾಡಿದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ (2018) ತೆಗೆದುಕೊಳ್ಳಿ. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ಖಾಲಿಯಾಗಿ ಮರಳಿದೆ. ಅದರಲ್ಲಿದ್ದ 60 ಮಂದಿಯಲ್ಲಿ ಯಾರಿಗೆ ಏನಾಯಿತು ಎಂದು ನೀವು ಬರೆಯಬೇಕು. ಮಾತಿನ ಧಾಟಿ, ತೊಟ್ಟ ಬಟ್ಟೆ, ಮಲಗುವ ತೂಗುಮಂಚದ ನಂಬರು ಇವೇ ಸಾಕ್ಷಿ. ಮೂವರದ್ದು ಸರಿಯಾದಾಗ ಮಾತ್ರ ಆಟ ಒಪ್ಪುತ್ತದೆ. ಹಾಗಾಗಿ ಒಬ್ಬನ ಬಗ್ಗೆ ಸುಮ್ಮನೆ ಊಹಿಸಿ ನೋಡಲು ಆಗುವುದಿಲ್ಲ. ಇಬ್ಬರು ಖಚಿತವಾದ ಮೇಲೆ ಮೂರನೆಯವನಿಗೆ ಸ್ವಲ್ಪ ಊಹೆ ನಡೆಯುತ್ತದೆ. ಪಕ್ಕದಲ್ಲಿ ಕಾಗದ, ಪೆನ್ಸಿಲ್ ಇರಲಿ.