ಅರ್ಧ ಲೀಟರ್ ಹಾಲಿಗೆ ಆರು ವಾರ

ಐದನೇ ಕ್ಲಾಸಿನ ಹುಡುಗ. ದಿನಾ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ, ಏನೂ ಸಿಗದೆ, ಮಕ್ಕಳ ಭಯ, ಆತಂಕಕ್ಕೆ ಚಿಕಿತ್ಸೆ ಕೊಡುವ ನನ್ನ ಹತ್ತಿರ ಕಳಿಸಿದ್ದರು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

“ಎಷ್ಟನೇ ಕ್ಲಾಸು ಪುಟ್ಟಾ?” ಅಂದೆ. “ಫಿಫ್ತ್ ಮೇಡಂ” ಅಂದರು ಅಮ್ಮ. “ತಿಂಡಿಗೆ ಏನಿಷ್ಟ ನಿಂಗೆ?” “ದೋಸೆ ಒಂದೇ ಮೇಡಂ, ಉಪ್ಪಿಟ್ಟು ಮುಟ್ಟಲ್ಲ” ಅಂದರು ಅಪ್ಪ. ಹುಡುಗ ನನ್ನನ್ನೊಮ್ಮೆ ನೋಡಿ ಅಮ್ಮನ ಮುಖ ನೋಡಿದ. ತನ್ನ ಉತ್ತರ ಸರಿಯಾಗಿ ಬಂತಾ ಅಂತ ಕೇಳುವ ಹಾಗೆ.

ಇಂಥ ಮಕ್ಕಳು ಬಂದಾಗ ಮೊದಲೇ ಭಯದ ವಿಷಯ ಎತ್ತುವುದಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಮಗುವಿಗಾಗಿ ಮನೆಯವರು ಏನೇನು ಮಾಡುತ್ತಾರೆ ಅಂತ ಬರೆದುಕೊಳ್ಳುತ್ತೇನೆ. ಈ ಹುಡುಗ ಸ್ನಾನಕ್ಕೆ ಹೋದರೆ ಅಮ್ಮ ಬಾಗಿಲ ಆಚೆ ನಿಂತು ಮಾತಾಡುತ್ತಿರಬೇಕು. ಶೂ ಲೇಸು ಕಟ್ಟುವುದು ಅಜ್ಜಿ. ಶಾಲೆ ಎರಡೇ ಬೀದಿ ಆಚೆ, ಆದರೂ ಅಪ್ಪನ ಸ್ಕೂಟರು. ಎಲ್ಲಿದ್ದಾನೆ ಅಂತ ಮೊಬೈಲಿಗೆ ತೋರಿಸುವ ವಾಚು ಕೈಯಲ್ಲಿ. ಕ್ಲಾಸಿನಲ್ಲಿ ಯಾರಾದರೂ ರೇಗಿಸಿದರೆ ಮಿಸ್‌ಗೆ ಅದೇ ರಾತ್ರಿ ಮೆಸೇಜು. ಬೀದಿಯ ಕೊನೆಯ ಮನೆಯಲ್ಲಿ ನಾಯಿ ಇದೆ ಅಂತ ಓಡಾಡುವ ದಾರಿಯನ್ನೇ ಬದಲಿಸಿಬಿಟ್ಟಿದ್ದರು. ಎಣಿಸಿದೆ, ಒಟ್ಟು 14. ಎಲ್ಲವೂ ಪ್ರೀತಿಯಿಂದ ಮಾಡಿದ್ದೇ. ಬೇಡ ಅನ್ನಲು ಯಾರಿಗೆ ತಾನೇ ಮನಸ್ಸು ಬರುತ್ತೆ?

ಭಯ ಆದಾಗ ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಹಿಂಡುತ್ತದೆ. ಅಲ್ಲೇ ಸ್ವಲ್ಪ ಹೊತ್ತು ಇದ್ದರೆ ಅದು ತಾನಾಗಿ ಇಳಿಯುತ್ತದೆ. ಆದರೆ ಇಳಿಯುವ ಮುಂಚೆಯೇ ನಾವು ಮಗುವನ್ನು ಎತ್ತಿಕೊಂಡು ಬಂದರೆ, ಅದು ಕಲಿಯುವ ಪಾಠ ಒಂದೇ: “ಅಪ್ಪ ಬಂದಿದ್ದಕ್ಕೆ ಬಚಾವಾದೆ.” ನಾಯಿಯ ಬಗ್ಗೆ ಅದಕ್ಕೆ ಹೊಸದೇನೂ ಗೊತ್ತಾಗಲೇ ಇಲ್ಲ. ನಾಳೆ ನಾಯಿ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಇದು ಇವತ್ತಿನ ಮಾತಲ್ಲ. ಮೊಲ ಕಂಡರೆ ಚೀರುತ್ತಿದ್ದ, ಇನ್ನೂ ಮೂರು ತುಂಬದ ಹುಡುಗನ ಭಯವನ್ನು ಬಿಡಿಸಿದ್ದನ್ನು ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲೇ ಬರೆದಿದ್ದಾರೆ. ಅವನು ತನಗಿಷ್ಟವಾದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತರುತ್ತಿದ್ದರು. ಕೊನೆಗೆ ಮೊಲ ಅವನ ಬೆರಳು ಕಚ್ಚಿ ಆಡುವಷ್ಟು ಸಲಿಗೆ ಬಂತು. ನಾವು ಇವತ್ತು ಮಾಡುವುದೂ ಹೆಚ್ಚುಕಮ್ಮಿ ಇದನ್ನೇ.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು 2020ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ. ಆತಂಕದ ತೊಂದರೆ ಇದ್ದ 124 ಮಕ್ಕಳು, 7ರಿಂದ 14 ವರ್ಷದವರು. ಒಂದು ಗುಂಪಿನಲ್ಲಿ ಮಗುವಿಗೇ ಚಿಕಿತ್ಸೆ. ಇನ್ನೊಂದರಲ್ಲಿ ಚಿಕಿತ್ಸೆಗೆ ಬಂದದ್ದು ಅಪ್ಪ ಅಮ್ಮ ಮಾತ್ರ. ಫಲ ಎರಡರಲ್ಲೂ ಸಮ. ಇದನ್ನು ಹೇಳಿದರೆ ಕೆಲವರು “ಹಂಗಾದ್ರೆ ತಪ್ಪು ನಮ್ದೇ ಅಂತೀರಾ?” ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ತಪ್ಪಿನ ಮಾತಲ್ಲ. ಬೀಗದ ಕೈ ನಿಮ್ಮ ಹತ್ತಿರವೂ ಒಂದಿದೆ ಅಂತಷ್ಟೇ.

ಹಾಗಂತ ಹೆದರುವುದೇ ಬೇಡ ಅನ್ನುತ್ತಿಲ್ಲ. ಯಾವುದಕ್ಕೆ ಹೆದರುತ್ತೇವೆ ಅನ್ನುವುದರಲ್ಲೇ ಎಡವಟ್ಟು. “ಕಾಲ ಕೆಟ್ಟಿದೆ, ಮಕ್ಕಳ ಕಳ್ಳರು ಬಂದಿದ್ದಾರಂತೆ” ಅನ್ನುವ ವಾಟ್ಸಾಪ್ ಸುದ್ದಿಯನ್ನು ಈ ಅಪ್ಪನೂ ತೋರಿಸಿದರು. 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಇಂಥದ್ದೇ ಸುದ್ದಿ ನಂಬಿ ಜನ ಹೊಡೆದರು. ಒಬ್ಬರ ಜೀವ ಹೋಯಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲೋ, ಬಹುಪಾಲು ಆರೋಪಿಗಳು ಮಗುವಿಗೆ ಮೊದಲೇ ಗೊತ್ತಿರುವವರು. ಬೀದಿಯನ್ನು ಮುಚ್ಚಿಬಿಟ್ಟರೆ ಆ ಅಪಾಯ ತಪ್ಪುವುದಿಲ್ಲ, ಅಲ್ವಾ? ನಡೆದದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಗುವಿಗೆ ಇರಬೇಕು. ಅದರ ಉತ್ತರವನ್ನೆಲ್ಲ ನಾವೇ ಹೇಳುತ್ತಿದ್ದರೆ ಆ ಧೈರ್ಯ ಎಲ್ಲಿಂದ ಬರಬೇಕು?

ಇನ್ನೊಂದು ತಮಾಷೆ. ಹುಡುಗನನ್ನು ಅಂಗಡಿಗೂ ಒಬ್ಬನೇ ಕಳಿಸದ ಈ ಅಪ್ಪ ಸ್ಕೂಟರಿನಲ್ಲಿ ಕರೆತಂದಾಗ ಅವನ ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಆದರೆ ಹೆಲ್ಮೆಟ್ ಬಗ್ಗೆ ಯಾರೂ ವಾಟ್ಸಾಪಿನಲ್ಲಿ ಹೆದರಿಸುವುದಿಲ್ಲ ನೋಡಿ.

ಮನೆಯವರು ಮಾಡುವ ಆ 14ರಲ್ಲಿ ಒಂದನ್ನು ಮಾತ್ರ ಬಿಡೋಣ ಅಂದೆ. ಎಲ್ಲ ಒಟ್ಟಿಗೆ ಬಿಟ್ಟರೆ ಎರಡೇ ದಿನದಲ್ಲಿ ಮನೆ ರಣರಂಗ. ಹುಡುಗನೇ ಆರಿಸಿದ: ಮೂಲೆ ಅಂಗಡಿಯಿಂದ ಅರ್ಧ ಲೀಟರ್ ಹಾಲು ತರುವುದು. ಆ ನಾಯಿಯ ಮನೆ ದಾಟಿಯೇ ಹೋಗಬೇಕು. ಮೊದಲ ವಾರ ಅಮ್ಮ ಜೊತೆಗೆ, ಆದರೆ ದುಡ್ಡು ಕೊಟ್ಟು ಹಾಲು ಕೇಳುವುದು ಅವನು. ಆಮೇಲೆ ಅಮ್ಮ ಕರೆಂಟ್ ಕಂಬದ ಹತ್ತಿರ ನಿಲ್ಲುವುದು. ಆಮೇಲೆ ಗೇಟು. ಮೂರನೇ ವಾರ ನಾಯಿ ಬೊಗಳಿತು, ಅಳುತ್ತಾ ವಾಪಸ್ ಬಂದ. ಮತ್ತೆ ಕಂಬದಿಂದ ಶುರು.

ಅಮ್ಮನಿಗೆ ಬಾಯಿಪಾಠ ಮಾಡಿಸಿದ್ದು ಎರಡೇ ಮಾತು. “ಭಯ ಆಗ್ತಿದೆ ಅಂತ ಗೊತ್ತು ಕಂದಾ. ನಿನ್ನ ಕೈಲಿ ಆಗುತ್ತೆ ಅಂತಲೂ ಗೊತ್ತು.” “ಏನೂ ಆಗಲ್ಲ ಬಿಡು” ಅಂತ ಇಪ್ಪತ್ತು ಸಲ ಹೇಳುವಂತಿಲ್ಲ, ಇಪ್ಪತ್ತೊಂದನೇ ಸಲವೂ ಕೇಳುತ್ತಾನೆ. “ಗಂಡು ಹುಡುಗ ಅಳ್ತಾರೇನೋ” ಅನ್ನುವ ಅಜ್ಜಿಯ ಮಾತಿಗೂ ತಡೆ ಹಾಕಿಸಿದೆ. ಈ ಮೂರರಲ್ಲಿ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಆರನೇ ವಾರ ಅಮ್ಮನ ಫೋನು ಬಂತು. “ಒಬ್ಬನೇ ಹೋಗಿ ಬಂದ ಮೇಡಂ. ನಾನು ಒಳಗೇ ಇದ್ದೆ, ಕಿಟಕಿ ಹತ್ರ ಕೂಡ ಹೋಗ್ಲಿಲ್ಲ. ನೋಡಿ, ನನ್ ಕೈ ಇನ್ನೂ ನಡುಗ್ತಿದೆ.”

“ಹಾಲು ತಂದನಾ?”

“ಮೊಸರು ತಂದಿದ್ದಾನೆ” ಅಂದರು.