ಹೆಸರಿಟ್ಟವರು, ಹೆಸರು ಪಡೆದವರು: ‘ಶಾರ್ಲೆಟ್ಸ್ ವೆಬ್’ ಓದುವವರಿಗೆ ಟಿಪ್ಪಣಿ

ಅಕ್ಕನ ಮಗಳಿಗೆ ಈ ಕಾದಂಬರಿಯ ಮೊದಲ ಅಧ್ಯಾಯವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ರಾತ್ರಿ ಹುಟ್ಟಿದ ಹಂದಿಮರಿಗಳಲ್ಲಿ ಒಂದು ತೀರಾ ಸಣಕಲು. ಅದು ಬದುಕುವುದಿಲ್ಲ ಎಂದು ಅಪ್ಪ ಕೊಡಲಿ ಹಿಡಿದು ಹೊರಟಿದ್ದಾನೆ. ಎಂಟು ವರ್ಷದ ಫರ್ನ್ ಒದ್ದೆ ಹುಲ್ಲಿನ ಮೇಲೆ ಓಡಿಹೋಗಿ ಕೊಡಲಿ ಕಿತ್ತುಕೊಳ್ಳಲು ನೋಡುತ್ತಾಳೆ. ಹುಟ್ಟಿದಾಗ ನಾನೇ ಹೀಗೆ ಸಣ್ಣಗಿದ್ದಿದ್ದರೆ ನನ್ನನ್ನೂ ಕೊಲ್ಲುತ್ತಿದ್ದೆಯಾ ಎಂದು ಕೇಳುತ್ತಾಳೆ. ಅಪ್ಪ ಸೋಲುತ್ತಾನೆ. ಅರ್ಧ ಗಂಟೆಯಾದ ಮೇಲೆ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ತರುತ್ತಾನೆ. ಅಡುಗೆಮನೆಯಲ್ಲಿ ಕಾಫಿ, ಬೇಕನ್, ಒದ್ದೆ ಗಾರೆ, ಸೌದೆಹೊಗೆ ಎಲ್ಲ ಬೆರೆತ ವಾಸನೆ. ಇಲ್ಲಿಗೆ ಬಂದಾಗ ಹುಡುಗಿ ನನ್ನನ್ನು ತಡೆದಳು: “ಚಿಕ್ಕಮ್ಮಾ, ಬೇಕನ್ ಅಂದ್ರೆ ಹಂದಿ ಮಾಂಸ ಅಲ್ವಾ?”

ನಾನು ಆ ಪುಟವನ್ನು ಅದಕ್ಕೆ ಮೊದಲು ಎರಡು ಸಲ ಓದಿದ್ದೆ. ಒಮ್ಮೆಯೂ ಅಲ್ಲಿ ನಿಂತಿರಲಿಲ್ಲ. ಲೇಖಕ ಈ ಬಗ್ಗೆ ಒಂದು ಮಾತೂ ಆಡುವುದಿಲ್ಲ. ವಾಸನೆಗಳ ಪಟ್ಟಿಯಲ್ಲಿ ಎರಡನೆಯದಾಗಿ ಇಟ್ಟು ಮುಂದೆ ಹೋಗುತ್ತಾನೆ. ಮರಿ ಉಳಿಯಿತು ಎಂದು ನಾವು ಸಮಾಧಾನಪಡುವ ಹೊತ್ತಿಗೇ ಅದು ಮುಂದೆ ಏನಾಗಬೇಕೆಂದು ಈ ಲೋಕ ಎಣಿಸಿದೆ ಎಂಬುದೂ ಅಲ್ಲೇ ಇದೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ಧ್ವನಿ ಎನ್ನುವುದು ಇದನ್ನೇ. ಹೇಳದೆಯೇ ಹೊಳೆಯಿಸುವುದು. ‘ಮುನ್ಸೂಚನೆ’ ಎಂಬ ಪಾರಿಭಾಷಿಕ ಪದವನ್ನು ಬರೆಯುವ ಮೊದಲು ಇಂಥ ಒಂದು ಜಾಗವನ್ನು ಪುಸ್ತಕದಲ್ಲಿ ಬೆರಳಿಟ್ಟು ತೋರಿಸಲು ಬರಬೇಕು.

ಹಿನ್ನೆಲೆ ಚುಟುಕಾಗಿ. ಇ. ಬಿ. ವೈಟ್ ಬರೆದ ಈ ಅಮೆರಿಕನ್ ಕಾದಂಬರಿ 1952ರ ಅಕ್ಟೋಬರಿನಲ್ಲಿ ಬಂತು. ಚಿತ್ರಗಳು ಗಾರ್ತ್ ವಿಲಿಯಮ್ಸ್ ಅವರವು. 22 ಅಧ್ಯಾಯಗಳು. ವೈಟ್ ಮೇನ್ ರಾಜ್ಯದ ನಾರ್ತ್ ಬ್ರೂಕ್ಲಿನ್‌ನಲ್ಲಿ ತೋಟ, ಕೊಟ್ಟಿಗೆ ಇಟ್ಟುಕೊಂಡು ಬದುಕಿದವರು. ಮಾಂಸಕ್ಕೆಂದು ಸಾಕಿದ್ದ ತಮ್ಮ ಹಂದಿ ಕಾಯಿಲೆ ಬಿದ್ದಾಗ ಅದನ್ನು ಆರೈಕೆ ಮಾಡಿ, ಉಳಿಸಿಕೊಳ್ಳಲಾಗದೆ ಹೋದದ್ದರ ಬಗ್ಗೆ 1948ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದರು. ಕೊಲ್ಲಲೆಂದೇ ಬೆಳೆಸಿದ ಪ್ರಾಣಿಗೆ ರಾತ್ರಿಯೆಲ್ಲ ಶುಶ್ರೂಷೆ ಮಾಡುವ ಮನುಷ್ಯನ ಗೊಂದಲ ಆ ಪ್ರಬಂಧದ್ದು. ಕಾದಂಬರಿಯಲ್ಲಿ ಹಂದಿ ಬದುಕುತ್ತದೆ.

ಆಶಯ ಒಂದು ಪದವಲ್ಲ

‘ಈ ಕಾದಂಬರಿಯ ಆಶಯವೇನು’ ಎಂದರೆ ನಾವೆಲ್ಲ ‘ಸ್ನೇಹ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಅದು ವಿಷಯ, ಆಶಯವಲ್ಲ. ಸ್ನೇಹದ ಬಗ್ಗೆ ಈ ಕೃತಿ ಏನನ್ನುತ್ತದೆ ಎಂಬ ಪೂರ್ತಿ ವಾಕ್ಯ ಬೇಕು. ನನ್ನ ವಾಕ್ಯ ಹೀಗಿದೆ: ಒಬ್ಬರು ನಮ್ಮನ್ನು ಗಮನವಿಟ್ಟು ನೋಡಿ ನಮಗೊಂದು ಮಾತು ಕೊಟ್ಟಾಗ, ನಾವು ಎಲ್ಲೋ ಒಂದು ಕಡೆಗೆ ಸೇರಿದವರಾಗುತ್ತೇವೆ. ನಿಮ್ಮದು ಬೇರೆ ಇರಬಹುದು. ಆದರೆ ಅದು ಪುಟಗಳ ಮೇಲೆ ನಿಲ್ಲಬೇಕು. ನನ್ನದನ್ನು ನಿಲ್ಲಿಸಲು ನೋಡುತ್ತೇನೆ.

ನಾಲ್ಕನೆಯ ಅಧ್ಯಾಯದ ಹೆಸರೇ ‘ಒಂಟಿತನ’. ಆ ಸಣಕಲು ಮರಿಗೆ ಫರ್ನ್ ಇಟ್ಟ ಹೆಸರು ವಿಲ್ಬರ್. ಐದು ವಾರದ ವಿಲ್ಬರನನ್ನು ಫರ್ನಳ ಮಾವ ಹೋಮರ್ ಜುಕರ್‌ಮನ್‌ಗೆ ಆರು ಡಾಲರಿಗೆ ಮಾರಿಯಾಗಿದೆ. ಈಗ ಹೊಸ ಕೊಟ್ಟಿಗೆ, ಬೆಳಗಿನಿಂದ ಮಳೆ. ಆಟಕ್ಕೆ ಕರೆದರೆ ಹೆಬ್ಬಾತು ಮೊಟ್ಟೆಗೆ ಕಾವು ಕೂತಿದೆ. ಕುರಿಮರಿಗೆ ಹಂದಿಯೆಂದರೆ ಏನೂ ಅಲ್ಲದ್ದಕ್ಕಿಂತ ಕಡಿಮೆಯಂತೆ. ಏನೂ ಅಲ್ಲದ್ದಕ್ಕಿಂತ ಕಡಿಮೆ ಎಂಬುದು ಹೇಗೆ ಇರಲು ಸಾಧ್ಯ ಎಂದು ವಿಲ್ಬರ್ ಉದ್ದಕ್ಕೆ ವಾದ ಮಾಡುತ್ತಾನೆ. ಆ ವಾದ ನಗು ತರಿಸುತ್ತದೆ, ಆದರೆ ಅವನು ತನ್ನ ಇರುವಿಕೆಗಾಗಿಯೇ ಜಗಳ ಕಾಯುತ್ತಿದ್ದಾನೆ. ಟೆಂಪಲ್‌ಟನ್ ಎಂಬ ಇಲಿಗೆ ತಿನ್ನುವುದು ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ವಿಲ್ಬರ್ ಬೋರಲು ಬಿದ್ದು ಅಳುತ್ತಾನೆ. ಕತ್ತಲಾದ ಮೇಲೆ ಒಂದು ದನಿ ಬರುತ್ತದೆ: ನಾನು ನಿನಗೆ ಸ್ನೇಹಿತೆಯಾಗುತ್ತೇನೆ, ದಿನವಿಡೀ ನಿನ್ನನ್ನು ನೋಡುತ್ತಿದ್ದೆ, ನೀನು ನನಗೆ ಇಷ್ಟವಾದೆ.

‘ದಿನವಿಡೀ ನೋಡುತ್ತಿದ್ದೆ’ ಎಂಬಲ್ಲಿ ಗೆರೆ ಎಳೆಯಿರಿ. ಯಾರಿಗೂ ಬೇಡವೆಂದು ಅವನು ಅಂದುಕೊಂಡ ಆ ಇಡೀ ದಿನ ಒಬ್ಬಳು ಅವನನ್ನು ನೋಡುತ್ತಲೇ ಇದ್ದಳು. ಸ್ನೇಹ ಶುರುವಾಗುವ ಮೊದಲೇ ಗಮನ ಶುರುವಾಗಿದೆ.

ಪಾತ್ರಚಿತ್ರಣ: ಒಳ್ಳೆಯವಳು ಎಂದು ಬರೆದರೆ ಸಾಲದು

ಬೆಳಗಾದಾಗ ಕಾಣುವವಳು ಬೂದುಬಣ್ಣದ ಒಂದು ಜೇಡ. ಅವಳ ಮೊದಲ ಮಾತು ಒಂದು ಗ್ರಾಂಥಿಕ ಅಭಿವಾದನೆ, ನಾವು ‘ಏನೋ ಮರಿ’ ಅನ್ನುವ ಕಡೆ ಯಾರೋ ‘ಅಭಿವಂದನೆಗಳು’ ಎಂದ ಹಾಗೆ. ಆ ಒಂದು ಪದದಿಂದಲೇ ಅವಳು ಓದಿಕೊಂಡವಳು, ಮಾತನ್ನು ಪ್ರೀತಿಸುವವಳು ಎಂದು ತಿಳಿಯುತ್ತದೆ. ಮುಂದೆ ಆಗುವುದೆಲ್ಲ ಮಾತಿನಿಂದಲೇ ಆಗುತ್ತದೆ, ಆದ್ದರಿಂದ ಇದು ಸುಮ್ಮನೆ ಬಂದ ವಿವರವಲ್ಲ. ಮರುಕ್ಷಣವೇ ವಿಲ್ಬರನ ಕಣ್ಣೆದುರು ಒಂದು ನೊಣವನ್ನು ಸುತ್ತಿ ಕಟ್ಟಿ, ನಾನು ಇವುಗಳ ರಕ್ತ ಕುಡಿಯುತ್ತೇನೆ ಎನ್ನುತ್ತಾಳೆ. ಅವನಿಗೆ ಅಸಹ್ಯ. ಸ್ನೇಹವೆಂದರೆ ಎಂಥ ಜೂಜು ಎಂದು ಅವನಿಗನಿಸುತ್ತದೆ. ವೈಟ್ ಅವಳನ್ನು ತೊಳೆದು ಮುದ್ದುಗೊಂಬೆ ಮಾಡಲಿಲ್ಲ. ಅವಳ ಪೂರ್ತಿ ಹೆಸರು ಶಾರ್ಲೆಟ್ ಎ. ಕವಾಟಿಕ, ಕೊಟ್ಟಿಗೆಗಳಲ್ಲಿ ಬಲೆ ಕಟ್ಟುವ ‘ಅರೇನಿಯಸ್ ಕವಾಟಿಕಸ್’ ಎಂಬ ನಿಜವಾದ ಜೇಡಜಾತಿಯಿಂದ ಬಂದದ್ದು. ಅವಳ ಕಾಲಿನ ಏಳು ಭಾಗಗಳ ಹೆಸರೂ ಒಂಬತ್ತನೆಯ ಅಧ್ಯಾಯದಲ್ಲಿ ಒಂದೊಂದಾಗಿ ಬರುತ್ತದೆ.

ವಿಲ್ಬರನ ಪಾತ್ರ ಬೆಳೆಯುತ್ತದೆ ಎಂದು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತವೆ. ಎಲ್ಲಿ ಎಂದು ತೋರಿಸಲು ಎರಡು ಜಾಗಗಳನ್ನು ಅಕ್ಕಪಕ್ಕ ಇಡಿ. ಮೂರನೆಯ ಅಧ್ಯಾಯದಲ್ಲಿ ಅವನು ಬೇಲಿಯ ಸಡಿಲ ಹಲಗೆ ತಳ್ಳಿ ಓಡಿಹೋಗುತ್ತಾನೆ, ಜುಕರ್‌ಮನ್ ಒಂದು ಬಕೆಟ್ ಕಲಗಚ್ಚು ತೋರಿಸಿದ ಕೂಡಲೇ ಅದರ ವಾಸನೆಗೆ ಸ್ವಾತಂತ್ರ್ಯ ಬಿಟ್ಟು ಹಿಂದೆ ಬರುತ್ತಾನೆ. ಇಪ್ಪತ್ತೊಂದನೆಯದರಲ್ಲಿ ಶಾರ್ಲೆಟ್‌ಳ ಮೊಟ್ಟೆಚೀಲವನ್ನು ಮೇಲಿನಿಂದ ಬಿಡಿಸಿ ತರಲು ಟೆಂಪಲ್‌ಟನ್ ಬೇಕು, ಇಲಿಗೆ ಕೂಲಿಯಿಲ್ಲದೆ ಕೆಲಸವಿಲ್ಲ. ಇನ್ನು ಮುಂದೆ ನನ್ನ ಬಾನಿಗೆ ಏನು ಬಿದ್ದರೂ ಮೊದಲು ನೀನೇ ತಿನ್ನು ಎಂದು ವಿಲ್ಬರ್ ಮಾತು ಕೊಡುತ್ತಾನೆ. ಕಲಗಚ್ಚಿಗಾಗಿ ತನ್ನನ್ನೇ ಬಿಟ್ಟುಕೊಟ್ಟವನು ಈಗ ಅವಳ ಮಕ್ಕಳಿಗಾಗಿ ಕಲಗಚ್ಚನ್ನೇ ಬಿಟ್ಟುಕೊಡುತ್ತಾನೆ. ಹಂದಿಯ ಲೋಕದಲ್ಲಿ ಅದಕ್ಕಿಂತ ದೊಡ್ಡ ಬೆಲೆಯಿಲ್ಲ. ನನಗೆ ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಇಷ್ಟವಾದ ಹೆಣಿಗೆ ಇದು.

ಟೆಂಪಲ್‌ಟನ್‌ನನ್ನು ಖಳನಾಯಕ ಎಂದು ಬರೆಯಬೇಡಿ. ಅವನು ಕೂಡಿಟ್ಟಿದ್ದ ಕೊಳೆತ ಮೊಟ್ಟೆ ಒಡೆದು ನಾರಿದ್ದರಿಂದಲೇ ಫರ್ನಳ ಅಣ್ಣ ಏವರಿಯ ಕೈಯಿಂದ ಶಾರ್ಲೆಟ್ ಉಳಿದದ್ದು. ಪದಗಳನ್ನು ತಂದವನೂ ಅವನೇ. ಪ್ರೀತಿಯೇ ಇಲ್ಲದವನಿಗೂ ಆ ಕೊಟ್ಟಿಗೆಯಲ್ಲಿ ಜಾಗವಿದೆ.

ಬಲೆಯ ಮೇಲಿನ ನಾಲ್ಕು ಮಾತು

ಚಳಿಗಾಲಕ್ಕೆ ವಿಲ್ಬರನನ್ನು ಕೊಲ್ಲುತ್ತಾರೆ ಎಂದು ಮುದಿ ಕುರಿ ಹೇಳಿದ ಮೇಲೆ ಶಾರ್ಲೆಟ್ ಮಾಡುವ ಉಪಾಯ ನಿಮಗೆ ಗೊತ್ತು: ಬಲೆಯಲ್ಲಿ ಅಕ್ಷರ ನೇಯುವುದು. ಕನ್ನಡದಿಂದ ಇಂಗ್ಲಿಷ್ ಓದುವ ನಮ್ಮಂಥವರು ಇಲ್ಲಿ ನಿಧಾನಿಸಬೇಕು.

ಮೊದಲನೆಯದು ‘ಸಮ್ ಪಿಗ್’. ಶಬ್ದಕೋಶ ಹಿಡಿದರೆ ‘ಯಾವುದೋ ಒಂದು ಹಂದಿ’ ಎಂದಾಗಿ ಎಲ್ಲ ಕೆಡುತ್ತದೆ. ಒತ್ತಿ ಹೇಳಿದಾಗ ಅದರ ಅರ್ಥ ‘ಹಂದಿಯೆಂದರೆ ಇದಪ್ಪ!’. ಎರಡನೆಯದು ‘ಟೆರಿಫಿಕ್’. ಲ್ಯಾಟಿನ್ ಮೂಲದಲ್ಲಿ ಅದು ಹೆದರಿಸುವಂಥದ್ದು, ಬಳಕೆಯಲ್ಲಿ ಬಲು ಚೆನ್ನಾಗಿರುವುದು. ನಾವೂ ‘ಭಯಂಕರ ರುಚಿ’ ಅನ್ನುತ್ತೇವಲ್ಲ, ಅದೇ ಹಾದಿ. ಮೂರನೆಯ ‘ರೇಡಿಯಂಟ್’, ಅಂದರೆ ಕಾಂತಿಯುಳ್ಳದ್ದು, ಟೆಂಪಲ್‌ಟನ್ ತಿಪ್ಪೆಯಿಂದ ಹೆಕ್ಕಿ ತಂದ ಸೋಪಿನ ಪೊಟ್ಟಣದ ಮೇಲಿನ ಜಾಹೀರಾತಿನ ಮಾತು. ಕೊನೆಯದು ‘ಹಂಬಲ್’. ಅದಕ್ಕೆ ಎರಡು ಅರ್ಥ, ಗರ್ವವಿಲ್ಲದ್ದು ಮತ್ತು ನೆಲಕ್ಕೆ ಹತ್ತಿರವಿರುವುದು, ವಿಲ್ಬರನಿಗೆ ಎರಡೂ ಸರಿ ಎಂದು ಶಾರ್ಲೆಟ್ಟೇ ವಿವರಿಸುತ್ತಾಳೆ. ಅನುವಾದಕ್ಕೆ ‘ವಿನಮ್ರ’ ಎಂದು ಹಾಕಿದರೆ ಅರ್ಧ ಹೋಯಿತು. ನಮ್ಮ ‘ತಗ್ಗು’ ಎರಡನ್ನೂ ಹೊರುತ್ತದೆ: ತಗ್ಗು ನೆಲವೂ ಉಂಟು, ತಗ್ಗಿ ನಡೆಯುವುದೂ ಉಂಟು.

ಈ ನಾಲ್ಕರ ಕ್ರಮ ನೋಡಿ. ಮೊದಲಿನವು ಹೊಗಳಿಕೆ, ಸ್ವಲ್ಪ ಸುಳ್ಳು ಕೂಡ. ನಾನು ಅಂಥವನಲ್ಲ ಎಂದು ವಿಲ್ಬರನೇ ಅನ್ನುತ್ತಾನೆ. ಆದರೆ ಮೇಲೆ ಬರೆದದ್ದಕ್ಕೆ ತಕ್ಕಂತೆ ಇರಲು ಪ್ರಯತ್ನಿಸುತ್ತಾ ಹೋಗುತ್ತಾನೆ. ಕೊನೆಯ ಪದಕ್ಕೆ ಬರುವಾಗ ಅದು ಜಾಹೀರಾತಲ್ಲ, ಅವನೇ. ಸಂಕೇತ ಎಂದರೆ ‘ಬಲೆ ಸ್ನೇಹದ ಸಂಕೇತ’ ಎಂಬ ಒಂದು ಸಾಲಲ್ಲ. ಕಥೆ ನಡೆದಂತೆ ಅದರ ಅರ್ಥವೂ ಸರಿಯುತ್ತದೆ.

ಇನ್ನೊಂದು ವಿವರ ನನ್ನನ್ನು ಬಹಳ ದಿನ ಹಿಡಿದಿಟ್ಟಿತು. ಜೇಡಕ್ಕೆ ಬೇರೆ ಬೇರೆ ಬಗೆಯ ಎಳೆಗಳಿವೆ. ಚೌಕಟ್ಟಿಗೆ ಒಣ ಎಳೆ, ಬೇಟೆಗೆ ಅಂಟಿನ ಎಳೆ. ಎರಡನೆಯ ಪದ ನೇಯುವಾಗ ಶಾರ್ಲೆಟ್ ಒಣ ಎಳೆಯನ್ನೇ ಆರಿಸುತ್ತಾಳೆ, ಅಂಟಿನದರಲ್ಲಿ ಬರೆದರೆ ಹುಳುಗಳು ಸಿಕ್ಕಿಬಿದ್ದು ಅಕ್ಷರ ಕೆಡುತ್ತದೆ ಎಂದು. ಕಸುಬಿನ ಮಾತು ಅಷ್ಟೇ. ಆದರೂ ‘ಸ್ನೇಹ’ ಎಂಬ ಪದಕ್ಕೇ ಎಣ್ಣೆ, ಜಿಡ್ಡು ಎಂಬ ಅರ್ಥ ಇಟ್ಟುಕೊಂಡಿರುವ ಭಾಷೆಯವಳಾದ ನಾನು ಯೋಚಿಸಿದೆ: ಗೆಳೆಯನಿಗಾಗಿ ಬರೆಯುವಾಗ ಅವಳು ಬಳಸುವುದು ಯಾರನ್ನೂ ಹಿಡಿಯದ ಎಳೆಯನ್ನು. ಅವಳ ಹೊಟ್ಟೆಪಾಡಿನ ಬಲೆಯ ನಡುವೆ ಆ ಪದದಷ್ಟು ಜಾಗ ಬೇಟೆಗಲ್ಲ.

ಯಾರು ನೋಡುತ್ತಾರೆ, ಯಾರು ನೋಡುವುದಿಲ್ಲ

ನಿರೂಪಕ ಪ್ರಥಮ ಪುರುಷದಲ್ಲಿ, ಅಂದರೆ ‘ನಾನು’ ಎನ್ನದೆ ‘ಅವನು, ಅವಳು’ ಎಂದು ಹೇಳುವ ಸರ್ವಜ್ಞ. ಇಷ್ಟು ಬರೆದರೆ ಒಂದು ಅಂಕ ಬಂದೀತು. ಆ ಸರ್ವಜ್ಞತೆಯಿಂದ ವೈಟ್ ಮಾಡಿಸುವ ಕೆಲಸ ಮಾತ್ರ ದೊಡ್ಡದು. ಮೊದಲ ಬರಹ ಕಂಡಾಗ ಜುಕರ್‌ಮನ್‌ನ ಹೆಂಡತಿ, ಅಸಾಮಾನ್ಯವಾದದ್ದು ಜೇಡವಲ್ಲವೇ ಎನ್ನುತ್ತಾಳೆ. ಅಲ್ಲ, ಹಂದಿ, ಬಲೆಯಲ್ಲೇ ಹಾಗೆಂದು ಬರೆದಿದೆಯಲ್ಲ ಎನ್ನುತ್ತಾನೆ ಗಂಡ. ಊರೆಲ್ಲ ಹಂದಿ ನೋಡಲು ಬರುತ್ತದೆ. ಬರೆದವಳು ಎದುರಿಗೇ ಕೂತಿದ್ದಾಳೆ. ಹದಿನಾಲ್ಕನೆಯ ಅಧ್ಯಾಯದ ಡಾಕ್ಟರ್ ಡೋರಿಯನ್ ಒಬ್ಬರು ಮಾತ್ರ, ಅಕ್ಷರ ಇರಲಿ, ಬಲೆಯೇ ಒಂದು ಪವಾಡವಲ್ಲವೇ ಎಂದು ಕೇಳುತ್ತಾರೆ.

ಹದಿನೈದನೆಯ ಅಧ್ಯಾಯವನ್ನು ದಯವಿಟ್ಟು ಗಟ್ಟಿಯಾಗಿ ಓದಿ. ಬೇಸಿಗೆ ಮುಗಿಯಿತು ಎಂದು ಜೀರುಂಡೆಗಳು ಹಾಡುತ್ತವೆ, ಒಬ್ಬೊಬ್ಬರೂ ತಮ್ಮ ತಮ್ಮ ಚಿಂತೆಗೆ ತಕ್ಕಂತೆ ಅದನ್ನು ಕೇಳಿಸಿಕೊಳ್ಳುತ್ತಾರೆ. ತನಗೆ ಉಳಿದ ಕಾಲ ಕಡಿಮೆ ಎಂದು ಶಾರ್ಲೆಟ್‌ಗೆ ಗೊತ್ತು. ಇಂಥ ಜೇಡ ಶರತ್ಕಾಲದಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ವೈಟ್ ಪ್ರಾಣಿಗಳ ಬಾಯಿಗೆ ಮಾತು ಕೊಟ್ಟರು, ಪ್ರಕೃತಿಯ ಈ ನಿಯಮವನ್ನು ಮುರಿಯಲಿಲ್ಲ. ದೇಶಕಾಲ ಎಂಬ ಅಂಶ ಇಲ್ಲಿ ಬರೀ ಹಿನ್ನೆಲೆಯಲ್ಲ, ಕಥೆಯನ್ನು ನಡೆಸುವುದೇ ಅದು.

ಕೌಂಟಿ ಫೇರ್‌ನಲ್ಲಿ, ಅಂದರೆ ಕೃಷಿಮೇಳವೂ ಜಾತ್ರೆಯೂ ಸೇರಿದಂಥ ಕಡೆ, ವಿಲ್ಬರನಿಗೆ ಪದಕ ಸಿಗುತ್ತದೆ. ಮೊದಲೆಲ್ಲ ಸ್ಟೂಲಿನ ಮೇಲೆ ಕೂತು ಕೊಟ್ಟಿಗೆಯನ್ನೇ ನೋಡುತ್ತಿದ್ದ ಫರ್ನ್ ಈಗ ಹೆನ್ರಿ ಫಸಿ ಎಂಬ ಹುಡುಗನ ಜೊತೆ ಜಯಂಟ್ ವೀಲ್ ಕಡೆಗೆ. ಇದು ದ್ರೋಹವೇ ಎಂಬ ಪ್ರಶ್ನೆಗೆ ತರಗತಿಗಳಲ್ಲಿ ಜಗಳವಾಗುತ್ತದೆ. ನಾನು ದ್ರೋಹ ಎನ್ನಲಾರೆ, ಅವಳು ಬೆಳೆಯುತ್ತಿದ್ದಾಳೆ. ಆದರೆ ಅವಳ ಕಣ್ಣು ಅತ್ತ ತಿರುಗಿದ್ದರಿಂದ ಇತ್ತ ನೋಡುವವರು ಯಾರೂ ಉಳಿಯಲಿಲ್ಲ. ಮೇಳ ಖಾಲಿಯಾದ ಮೇಲೆ ಶಾರ್ಲೆಟ್ ಸಾಯುತ್ತಾಳೆ. ಅಲ್ಲಿಗೆ ಬಂದುಹೋದ ನೂರಾರು ಜನರಲ್ಲಿ ಒಬ್ಬರಿಗೂ ಅವಳು ಮಾಡಿದ್ದು ತಿಳಿಯದು, ಸಾಯುವಾಗ ಅವಳ ಬಳಿ ಯಾರೂ ಇರಲಿಲ್ಲ ಎಂದು ನಿರೂಪಕ ಶಾಂತವಾಗಿ ಹೇಳುತ್ತಾನೆ. ಯಾರೂ ಇರಲಿಲ್ಲ, ಓದುವ ನಾವು ಇದ್ದೆವು. ದಿನವಿಡೀ ಒಂದು ಮರಿಯನ್ನು ನೋಡುತ್ತಿದ್ದವಳನ್ನು ಕೊನೆಗೆ ನೋಡುವ ಕೆಲಸ ನಮಗೆ ಬಂತು. ದೃಷ್ಟಿಕೋನದ ಬಗ್ಗೆ ಉತ್ತರ ಬರೆಯುವಾಗ ಈ ಪುಟವನ್ನು ಬಿಡಬೇಡಿ.

ಅಕ್ಕನ ಮಗಳು ಅಲ್ಲಿ ಅಳಲಿಲ್ಲ. ಪುಸ್ತಕದ ಮೇಲೆ ಕೈ ಇಟ್ಟುಕೊಂಡು, “ಇನ್ನೊಂದ್ ಅಧ್ಯಾಯ ಇದೆ ಅಲ್ವಾ ಚಿಕ್ಕಮ್ಮಾ?” ಎಂದಳು.

ಇದೆ. ವಸಂತದಲ್ಲಿ ಮೊಟ್ಟೆ ಒಡೆದು 514 ಮರಿಗಳು ಬರಬೇಕು. ಬೆಚ್ಚನೆ ಗಾಳಿ ಬೀಸಿದ ದಿನ ಅವು ಎಳೆ ಹಾರಿಬಿಟ್ಟು ಹೊರಟೇಹೋಗುತ್ತವೆ, ವಿಲ್ಬರ್ ಮತ್ತೆ ಒಂಟಿ. ಅತ್ತು ಮಲಗಿ ಇಳಿಹೊತ್ತಿಗೆ ಎದ್ದ ಮೇಲೆ ಮೇಲಿನಿಂದ ಸಣ್ಣ ದನಿ ಕೇಳುತ್ತದೆ, ಮೂರು ಮರಿಗಳು ಉಳಿದುಕೊಂಡಿವೆ. ಸಂತೋಷದಿಂದ ನಡುಗುತ್ತಿರುವ ಮೊದಲನೆಯದಕ್ಕೆ ಜಾಯ್ ಎಂಬ ಹೆಸರು. ಅಮ್ಮನ ಹೆಸರಿನ ನಡುವಿನ ಅಕ್ಷರ ಯಾವುದೆಂದು ಕೇಳಿ, ‘ಎ’ ಎಂದು ತಿಳಿದ ಎರಡನೆಯದು ಅರೇನಿಯ ಎಂಬ ಹೆಸರನ್ನು ತೆಗೆದುಕೊಳ್ಳುತ್ತದೆ. ಮೂರನೆಯದು, ನನಗೂ ಒಂದು ಒಳ್ಳೆಯ ಹೆಸರು ಆರಿಸಿ ಕೊಡು ಎನ್ನುತ್ತದೆ. ಪೆಟ್ಟಿಗೆಯಲ್ಲಿ ಬಂದ ದಿನ ಫರ್ನಳಿಂದ ಹೆಸರು ಪಡೆದ, ಬಲೆಯ ಮೇಲೆ ನಾಲ್ಕು ಸಲ ಮಾತು ಪಡೆದ ಆ ಸಣಕಲು ಮರಿ ಸ್ವಲ್ಪ ಯೋಚಿಸಿ, ನೆಲ್ಲಿ ಎಂದು ಹೆಸರಿಡುತ್ತಾನೆ.